ಉಪವಾಸದಲ್ಲಿ ಮಾಂಸಖಂಡದ ಮಿತವ್ಯಯ

'ಉಪವಾಸ' ಎಂಬ ಶಬ್ದದ ಅವಯವಾರ್ಥ 'ಸಮೀಪದಲ್ಲಿ ವಾಸಿಸುವುದು' ಎಂದು. ಮನಸ್ಸನ್ನು ಆರಾಧ್ಯದ ಸನ್ನಿಧಿಯಲ್ಲಿ ನಿಲ್ಲಿಸುವುದು ಅದರ ತಿರುಳು. ಅನ್ನವನ್ನು ಬಿಡುವುದು ಅದಕ್ಕೆ ಸಾಧನವಾಗಿ ಸೇರಿಕೊಂಡು, ಕಾಲಕ್ರಮದಲ್ಲಿ ಸಾಧನವೇ ಮುಖ್ಯಾರ್ಥವಾಗಿ ನಿಂತಿತು. ಆಯುರ್ವೇದದಲ್ಲಿ ಇದೇ ಕ್ರಿಯೆಗೆ 'ಲಂಘನ'ವೆಂಬ ಬೇರೊಂದು ಹೆಸರುಂಟು. ಶರೀರವನ್ನು ಹಗುರಗೊಳಿಸುವುದು ಅದರ ಅರ್ಥ. ಮೊದಲನೆಯ ಶಬ್ದದ ದೃಷ್ಟಿ ಮನಸ್ಸಿನ ಕಡೆಗೆ, ಎರಡನೆಯದರ ದೃಷ್ಟಿ ದೇಹದ ಕಡೆಗೆ. ಶರಣರು ಕಾಯವನ್ನು ಪ್ರಸಾದಕಾಯವೆಂದು ಕಂಡವರು. ಅದನ್ನು ವೃಥಾ ದಂಡಿಸುವ ವ್ರತಗಳನ್ನು ಅವರು ಮನ್ನಿಸಲಿಲ್ಲ. ಆದುದರಿಂದ ಅನ್ನ ಬಿಟ್ಟಾಗ ಈ ಕಾಯದೊಳಗೆ ನಿಜವಾಗಿ ನಡೆಯುವುದೇನು ಎಂಬುದನ್ನು ತಿಳಿಯುವುದು ಭಕ್ತನಿಗೂ ಅಪ್ರಸ್ತುತವಲ್ಲ.

ಈ ವಿಷಯದಲ್ಲಿ ಜನರ ನಡುವೆ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಒಂದು ದಿನ ಉಣ್ಣದಿದ್ದರೆ ಮೈಯ ಮಾಂಸವೇ ಕರಗಿ ಕೈಕಾಲು ಸೋಲುತ್ತವೆ ಎಂಬುದು ಒಂದು. ಉಪವಾಸದಲ್ಲಿ ಉರಿಯುವುದು ಬೇಡದ ಕೊಬ್ಬು ಮಾತ್ರ, ಆದ್ದರಿಂದ ದಿನಗಳು ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ಇನ್ನೊಂದು. ಎರಡರಲ್ಲಿಯೂ ಅರ್ಧ ಸತ್ಯವಿದೆ. ಉಳಿದರ್ಧವನ್ನು ಕಾಣಬೇಕಾದರೆ ಎಲುಬಿಗೆ ಅಂಟಿಕೊಂಡು ಇಚ್ಛಾನುಸಾರ ಚಲಿಸುವ ಮಾಂಸಖಂಡಗಳ ಕಡೆಗೆ, ಶಾಸ್ತ್ರಗ್ರಂಥಗಳು 'ಅಸ್ಥಿಸ್ನಾಯು' ಎಂದು ಕರೆಯುವ ಭಾಗದ ಕಡೆಗೆ, ನೋಡಬೇಕು. ಉಪವಾಸದ ಕಥೆಯಲ್ಲಿ ಕೊಬ್ಬನ್ನು ಉರಿಸುವುದೂ ಅದೇ, ಸಕ್ಕರೆಯನ್ನು ಉಳಿಸುವುದೂ ಅದೇ, ಎಚ್ಚರ ತಪ್ಪಿದರೆ ತಾನೇ ಕರಗುವುದೂ ಅದೇ.

ಮನೆಯೊಳಗಿನ ದಾಸ್ತಾನು

ಹಳೆಯ ಕಾಲದ ಒಕ್ಕಲು ಮನೆಯಲ್ಲಿ ಧಾನ್ಯವು ಮೂರು ಕಡೆ ಇರುತ್ತಿತ್ತು: ಅಡುಗೆಮನೆಯ ಗಡಿಗೆಯಲ್ಲಿ ಇಂದು ನಾಳೆಗೆ ಬೇಕಾದಷ್ಟು, ಹೊಲಕ್ಕೆ ಹೋಗುವವರ ಬುತ್ತಿಯಲ್ಲಿ ಅವರವರ ಪಾಲು, ನೆಲದಡಿಯ ಹಗೇವಿನಲ್ಲಿ ವರ್ಷದ ಸಂಗ್ರಹ. ಮನುಷ್ಯ ಶರೀರದ ವ್ಯವಸ್ಥೆಯೂ ಬಹುಮಟ್ಟಿಗೆ ಹೀಗೆಯೇ ಇದೆ.

ಯಕೃತ್ತಿನಲ್ಲಿ 'ಗ್ಲೈಕೊಜನ್' ಎಂಬ ರೂಪದಲ್ಲಿ ಕೂಡಿಟ್ಟ ಸಕ್ಕರೆ ಅಡುಗೆಮನೆಯ ಗಡಿಗೆ. ಅದರ ತೂಕ ಸುಮಾರು 75ರಿಂದ 100 ಗ್ರಾಂ ಮಾತ್ರ. ಊಟದ ನಡುವಣ ಅವಧಿಯಲ್ಲಿ ರಕ್ತದ ಸಕ್ಕರೆ ಕುಗ್ಗದಂತೆ ಇದು ಕಾಯುತ್ತದೆ. ಮಾಂಸಖಂಡಗಳಲ್ಲಿಯೂ ಗ್ಲೈಕೊಜನ್ ಉಂಟು, ಪ್ರಮಾಣವೂ ಯಕೃತ್ತಿಗಿಂತ ಹಲವು ಪಟ್ಟು ಹೆಚ್ಚು. ಆದರೆ ಅದು ಬುತ್ತಿಯಿದ್ದಂತೆ. ಸಕ್ಕರೆಯನ್ನು ರಕ್ತಕ್ಕೆ ಮರಳಿ ಬಿಡಲು ಬೇಕಾದ ಕಿಣ್ವವು ಯಕೃತ್ತಿನಲ್ಲಿದೆ, ಮಾಂಸಖಂಡದಲ್ಲಿಲ್ಲ. ಆದುದರಿಂದ ಮಾಂಸಖಂಡವು ತನ್ನ ಸಕ್ಕರೆಯನ್ನು ತಾನು ಬಳಸಬಲ್ಲುದೇ ಹೊರತು ಪಕ್ಕದ ಅಂಗಕ್ಕೆ ಹಾಗೆಯೇ ಕೊಡಲಾರದು.

ಹಗೇವು ಎಂದರೆ ಕೊಬ್ಬು. 70 ಕಿಲೋಗ್ರಾಂ ತೂಗುವ ಸಾಮಾನ್ಯ ಪುರುಷನಲ್ಲಿ ಸುಮಾರು 15 ಕಿಲೋ ಕೊಬ್ಬು ಇರುತ್ತದೆಂದು ಲೆಕ್ಕ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿಯಂತೆ ಇದು 1,35,000 ಕ್ಯಾಲೊರಿ. ವಿಶ್ರಾಂತಿಯಲ್ಲಿರುವವನಿಗೆ ದಿನಕ್ಕೆ 1,800 ಕ್ಯಾಲೊರಿ ಸಾಕಾದರೆ, ಎರಡು ತಿಂಗಳಿಗೂ ಮೀರಿ ಬರುವ ದಾಸ್ತಾನು ಇದು. ಯಕೃತ್ತಿನ ಸಕ್ಕರೆಯಾದರೋ ಒಂದು ಹಗಲು ಒಂದು ರಾತ್ರಿಯಲ್ಲಿ ಬಹುಪಾಲು ಬರಿದಾಗುತ್ತದೆ.

ಇಷ್ಟು ಕೊಬ್ಬಿರುವಾಗ ಉಪವಾಸಿಗೆ ಕಷ್ಟವೇನು ಎಂಬ ಸಂದೇಹ ಏಳುವುದು ಸಹಜ. ಕಷ್ಟವಿರುವುದು ಮೆದುಳಿನ ವಿಷಯದಲ್ಲಿ. ದೇಹದ ತೂಕದ ನೂರಕ್ಕೆ ಎರಡು ಭಾಗದಷ್ಟೇ ಇರುವ ಮೆದುಳು ವಿಶ್ರಾಂತಿಯ ವೇಳೆಯಲ್ಲಿ ಒಟ್ಟು ಶಕ್ತಿಯ ಸುಮಾರು ಐದನೆಯ ಒಂದು ಪಾಲನ್ನು ಬಳಸುತ್ತದೆ. ಅದು ರಕ್ತದಲ್ಲಿ ಹರಿಯುವ ಕೊಬ್ಬಿನಾಮ್ಲಗಳನ್ನು ಇಂಧನವಾಗಿ ಸ್ವೀಕರಿಸುವುದಿಲ್ಲ. ದಿನಕ್ಕೆ 100ರಿಂದ 120 ಗ್ರಾಂ ಸಕ್ಕರೆಯನ್ನು ಬೇಡುತ್ತದೆ. ಕೆಂಪು ರಕ್ತಕಣಗಳಿಗೂ ಸಕ್ಕರೆಯೊಂದೇ ಗತಿ. ಕೊಬ್ಬಿನಿಂದಲೇ ಸಕ್ಕರೆಯನ್ನು ಮಾಡಿಕೊಳ್ಳೋಣವೆಂದರೆ ಮನುಷ್ಯ ಶರೀರಕ್ಕೆ ಆ ವಿದ್ಯೆ ತಿಳಿಯದು. ಕೊಬ್ಬಿನ ಕಣದ ಬೆನ್ನೆಲುಬಾದ ಗ್ಲಿಸರಾಲ್ ಮಾತ್ರ ಸಕ್ಕರೆಯಾಗಬಲ್ಲುದು. ಕೊಬ್ಬಿನ ಬಹುಭಾಗವಾದ ಆಮ್ಲಗಳಿಂದ ಅದು ಸಾಧ್ಯವಿಲ್ಲ. ಹಾಗಾದರೆ ಉಳಿಯುವ ದಾರಿ ಒಂದೇ: ಮಾಂಸಖಂಡದ ಪ್ರೋಟೀನನ್ನು ಒಡೆದು, ಅದರ ಅಮೈನೋ ಆಮ್ಲಗಳಿಂದ ಯಕೃತ್ತಿನಲ್ಲಿ ಸಕ್ಕರೆ ಮಾಡುವುದು.

ಈ ದಾರಿಯ ಬೆಲೆಯನ್ನು ಲೆಕ್ಕ ಹಾಕಿ ನೋಡಬಹುದು. 100 ಗ್ರಾಂ ಸಕ್ಕರೆಗೆ ಸುಮಾರು 175 ಗ್ರಾಂ ಪ್ರೋಟೀನು ಬೇಕು. ಮಾಂಸಖಂಡದಲ್ಲಿ ಐದರಲ್ಲಿ ಒಂದು ಪಾಲು ಪ್ರೋಟೀನು, ಉಳಿದುದು ಬಹುಪಾಲು ನೀರು. ಎಂದರೆ ದಿನಕ್ಕೆ ಮುಕ್ಕಾಲು ಕಿಲೋಗೂ ಹೆಚ್ಚು ಮಾಂಸ ಕರಗಬೇಕು. 28 ಕಿಲೋ ಮಾಂಸಖಂಡವಿರುವ ಮನುಷ್ಯನಲ್ಲಿ ಎರಡು ವಾರ ಕಳೆಯುವಷ್ಟರಲ್ಲಿ ಅದು ಹತ್ತಿರ ಹತ್ತಿರ ಅರ್ಧವಾಗಿ, ಉಸಿರಾಟವೇ ನಿಲ್ಲುವ ಸ್ಥಿತಿ ಬಂದೀತು. ಹಗೇವು ತುಂಬಿರುವಾಗಲೇ ಮನೆಯವರು ಹಸಿದು ಸತ್ತಂತೆ ಆದೀತು. ಆದರೆ ನೀರು ಕುಡಿದು ಅದಕ್ಕಿಂತ ಹೆಚ್ಚು ದಿನ ಉಪವಾಸವಿದ್ದವರುಂಟು. ಆದುದರಿಂದ ಶರೀರದಲ್ಲಿ ಬೇರೊಂದು ಏರ್ಪಾಡು ಇರಲೇಬೇಕು. ಆ ಏರ್ಪಾಡಿನ ಮುಖ್ಯ ಪಾತ್ರಧಾರಿ ಮಾಂಸಖಂಡ.

ವಿಶ್ರಾಂತಿಯ ಇಂಧನ ಯಾವುದು?

ಮಾಂಸಖಂಡದ ಇಂಧನ ಸಕ್ಕರೆ ಎಂಬುದು ಬಹುಕಾಲ ಪ್ರಚಲಿತವಿದ್ದ ಅಭಿಪ್ರಾಯ. 1956ರಲ್ಲಿ ಆಂಡ್ರೆಸ್, ಕೇಡರ್ ಮತ್ತು ಝಿಯರ್ಲರ್ ಎಂಬ ಮೂವರು ಅಮೆರಿಕದ ವಿಜ್ಞಾನಿಗಳು ರಾತ್ರಿಯೂಟದ ಅನಂತರ ಏನನ್ನೂ ಸೇವಿಸದ ಮನುಷ್ಯರ ಮುಂದೋಳನ್ನು ಪರೀಕ್ಷೆಗೆ ಆರಿಸಿಕೊಂಡರು. ಮುಂದೋಳಿನೊಳಕ್ಕೆ ಹೋಗುವ ರಕ್ತ, ಅಲ್ಲಿಂದ ಹೊರಬರುವ ರಕ್ತ, ಇವೆರಡರಲ್ಲಿರುವ ಆಮ್ಲಜನಕ ಮತ್ತು ಸಕ್ಕರೆಗಳ ವ್ಯತ್ಯಾಸವನ್ನು ಅಳೆದರು. ಮಾಂಸಖಂಡವು ಬಳಸಿದ ಆಮ್ಲಜನಕದಲ್ಲಿ ಅಲ್ಪಭಾಗಕ್ಕೆ ಮಾತ್ರ ಸಕ್ಕರೆಯು ಲೆಕ್ಕ ಕೊಟ್ಟಿತು. ವಿಶ್ರಾಂತಿಯಲ್ಲಿರುವ ಮಾಂಸಖಂಡವು ಮುಖ್ಯವಾಗಿ ಕೊಬ್ಬನ್ನೇ ಉರಿಸುತ್ತದೆಂಬುದು ಹೀಗೆ ಸಿದ್ಧವಾಯಿತು. ಅದೇ ವರ್ಷ ರಕ್ತದಲ್ಲಿ ಹರಿಯುವ ಮುಕ್ತ ಕೊಬ್ಬಿನಾಮ್ಲಗಳ ಮಹತ್ವವನ್ನು ಬೇರೆ ಸಂಶೋಧಕರೂ ತೋರಿಸಿದರು.

ಇದರಿಂದ ವಿದಿತವಾಗುವ ಸಂಗತಿಯೆಂದರೆ, ಪ್ರತಿ ರಾತ್ರಿಯ ನಿದ್ರೆಯೂ ಒಂದು ಕಿರು ಉಪವಾಸವೇ. ಉಂಡಾಗ ಸಕ್ಕರೆ, ಹಸಿದಾಗ ಕೊಬ್ಬು, ಹೀಗೆ ಇಂಧನವನ್ನು ಬದಲಿಸುವುದು ಆರೋಗ್ಯವಂತ ಮಾಂಸಖಂಡಕ್ಕೆ ದಿನನಿತ್ಯದ ಅಭ್ಯಾಸ. ಉಸಿರಿನಿಂದಲೂ ಈ ಬದಲಾವಣೆಯನ್ನು ಗುರುತಿಸಬಹುದು. ಹೊರಬಿಟ್ಟ ಇಂಗಾಲದ ಡೈಆಕ್ಸೈಡಿಗೂ ಒಳಗೊಂಡ ಆಮ್ಲಜನಕಕ್ಕೂ ಇರುವ ಪ್ರಮಾಣವು ಸಕ್ಕರೆ ಮಾತ್ರ ಉರಿದರೆ 1.0, ಕೊಬ್ಬು ಮಾತ್ರ ಉರಿದರೆ ಸುಮಾರು 0.7. ಉಪವಾಸ ಮುಂದುವರಿದಂತೆ ಈ ಅಂಕಿ 0.7ರ ಕಡೆಗೆ ಇಳಿಯುತ್ತ ಹೋಗುತ್ತದೆ.

ಹಗೇವಿನಿಂದ ಒಲೆಯವರೆಗೆ

ಕೊಬ್ಬಿನ ದಾಸ್ತಾನಿಗೆ ಬೀಗ ಹಾಕುವುದು ಇನ್ಸುಲಿನ್. ಊಟವಾದಾಗ ಮೇದೋಜೀರಕ ಗ್ರಂಥಿಯಿಂದ ಹೊರಬರುವ ಈ ರಸವು ಸಕ್ಕರೆಯನ್ನು ಮಾಂಸಖಂಡದೊಳಕ್ಕೆ ಸೇರಿಸುತ್ತದೆ, ಕೊಬ್ಬು ಕರಗದಂತೆ ತಡೆಯುತ್ತದೆ. ಊಟ ನಿಂತು ಕೆಲವು ಗಂಟೆಗಳಲ್ಲಿ ಇನ್ಸುಲಿನ್ ಇಳಿಯುತ್ತದೆ. ಅದೇ ಗ್ರಂಥಿಯ ಗ್ಲೂಕಗಾನ್ ಏರುತ್ತದೆ. ನರಗಳಿಂದ ಬರುವ ಪ್ರಚೋದನೆಯೂ ಸೇರುತ್ತದೆ. ಬೀಗ ಸಡಿಲವಾದ ಕೂಡಲೇ ಕೊಬ್ಬಿನ ಕೋಶಗಳಲ್ಲಿರುವ ಕಿಣ್ವಗಳು ಕೆಲಸಕ್ಕೆ ತೊಡಗಿ, ಒಂದೊಂದು ಕೊಬ್ಬಿನ ಅಣುವನ್ನು ಮೂರು ಕೊಬ್ಬಿನಾಮ್ಲಗಳಾಗಿಯೂ ಒಂದು ಗ್ಲಿಸರಾಲ್ ಆಗಿಯೂ ಬಿಡಿಸುತ್ತವೆ. ಈ ಕಿಣ್ವಗಳಲ್ಲಿ ಮೊದಲ ಪೆಟ್ಟು ಹಾಕುವ ಕಿಣ್ವವನ್ನು ಗುರುತಿಸಿದ್ದು 2004ರಷ್ಟು ಈಚೆಗೆ.

ಎಣ್ಣೆ ನೀರಿನೊಂದಿಗೆ ಬೆರೆಯದು. ಆದುದರಿಂದ ಕೊಬ್ಬಿನಾಮ್ಲಗಳು ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನಿನ ಬೆನ್ನೇರಿ ಪಯಣಿಸುತ್ತವೆ. ರಾತ್ರಿ ಕಳೆದ ಮೇಲೆ ಇದ್ದುದಕ್ಕಿಂತ ಅವುಗಳ ಪ್ರಮಾಣ ಮೂರು ದಿನಗಳ ಉಪವಾಸದಲ್ಲಿ ಎರಡು ಮೂರು ಪಟ್ಟಾಗುತ್ತದೆ. ರಕ್ತದಲ್ಲಿ ಹೆಚ್ಚಿದಷ್ಟೂ ಮಾಂಸಖಂಡವು ಒಳಗೆಳೆದುಕೊಳ್ಳುವ ಪ್ರಮಾಣವೂ ಹೆಚ್ಚುತ್ತದೆ. ಇದಲ್ಲದೆ, ರಕ್ತದಲ್ಲಿ ತೇಲುವ ಕೊಬ್ಬಿನ ಹನಿಗಳನ್ನು ಒಡೆದು ಒಳಗೆ ಬಿಡುವ ಕಿಣ್ವವೊಂದು ರಕ್ತನಾಳಗಳ ಒಳಗೋಡೆಯ ಮೇಲಿದೆ. ಉಂಡಾಗ ಅದು ಕೊಬ್ಬಿನ ಕೋಶಗಳ ಬಳಿ ಚುರುಕು, ಉಪವಾಸದಲ್ಲಿ ಅಲ್ಲಿ ಕುಗ್ಗಿ ಮಾಂಸಖಂಡ ಹಾಗೂ ಹೃದಯಗಳ ಬಳಿ ಚುರುಕಾಗುತ್ತದೆ. ಒಂದೇ ಕಾಲುವೆಯ ನೀರನ್ನು ಕೆರೆಗೆ ಬಿಡಬೇಕೇ ಗದ್ದೆಗೆ ಬಿಡಬೇಕೇ ಎಂಬುದನ್ನು ತೂಬು ನಿರ್ಧರಿಸುವಂತೆ ಇದು.

ಬಾಗಿಲು ಮತ್ತು ಕಾವಲು

ಮಾಂಸಖಂಡದ ಜೀವಕೋಶವನ್ನು ಹೊಕ್ಕ ಮಾತ್ರಕ್ಕೆ ಕೊಬ್ಬಿನಾಮ್ಲ ಉರಿಯುವುದಿಲ್ಲ. ಉರಿಯುವ ಒಲೆ ಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಭಾಗ. ಕೊಬ್ಬಿನಾಮ್ಲವು ಎರಡೆರಡು ಇಂಗಾಲಗಳ ತುಂಡುಗಳಾಗಿ ಕತ್ತರಿಸಲ್ಪಡುತ್ತದೆಂದು ಜರ್ಮನಿಯ ಕ್ನೂಪ್ ಎಂಬ ವಿಜ್ಞಾನಿ 1904ರಲ್ಲಿಯೇ ಊಹಿಸಿದ್ದ. ಆಮ್ಲದ ಬಾಲಕ್ಕೆ ಶರೀರವು ಉರಿಸಲಾರದ ಗುರುತೊಂದನ್ನು ಕಟ್ಟಿ ನಾಯಿಗಳಿಗೆ ತಿನ್ನಿಸಿ, ಮೂತ್ರದಲ್ಲಿ ಉಳಿದು ಬಂದ ತುಂಡನ್ನು ನೋಡಿ ಅವನು ಈ ತೀರ್ಮಾನಕ್ಕೆ ಬಂದನು. ಸರಪಳಿಯ ಇಂಗಾಲಗಳು ಸಮಸಂಖ್ಯೆಯಾದರೆ ಒಂದು ಬಗೆಯ ಶೇಷ, ಬೆಸಸಂಖ್ಯೆಯಾದರೆ ಇನ್ನೊಂದು ಬಗೆಯದು. ಎರಡೆರಡಾಗಿ ಕತ್ತರಿಸಿದರಲ್ಲದೆ ಹೀಗಾಗದು. 16 ಇಂಗಾಲಗಳ ಪಾಮಿಟಿಕ್ ಆಮ್ಲವನ್ನು ಏಳು ಸಲ ಕತ್ತರಿಸಿದರೆ ಎಂಟು ತುಂಡುಗಳು. ಈ ಕ್ರಿಯೆ ಮೈಟೊಕಾಂಡ್ರಿಯದಲ್ಲಿ ನಡೆಯುತ್ತದೆಂದು ಕೆನಡಿ ಮತ್ತು ಲೆನಿಂಜರ್ 1949ರಲ್ಲಿ ಪ್ರಕಟಿಸಿದರು.

ಆದರೆ ಉದ್ದವಾದ ಕೊಬ್ಬಿನಾಮ್ಲಕ್ಕೆ ಮೈಟೊಕಾಂಡ್ರಿಯದ ಒಳಪೊರೆಯನ್ನು ತಾನಾಗಿ ದಾಟಲಾಗದು. ಅದನ್ನು ಕೈಹಿಡಿದು ದಾಟಿಸುವುದು 'ಕಾರ್ನಿಟಿನ್' ಎಂಬ ವಸ್ತು. ಮಾಂಸದ ಸಾರದಲ್ಲಿ 1905ರಲ್ಲಿ ಇದು ಮೊದಲು ದೊರೆತುದರಿಂದ, ಮಾಂಸವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಇದಕ್ಕೆ ಹೆಸರು ಬಂದಿತು. ಇದರ ಕೆಲಸವೇನೆಂಬುದು ತಿಳಿಯಲು ಅರ್ಧ ಶತಮಾನ ಕಾಯಬೇಕಾಯಿತು. ಕಾರ್ನಿಟಿನ್‌ಗೆ ಕೊಬ್ಬಿನಾಮ್ಲವನ್ನು ಜೋಡಿಸುವ ಕಿಣ್ವವೇ ಈ ಬಾಗಿಲಿನ ದ್ವಾರಪಾಲಕ.

ದ್ವಾರಪಾಲಕನಿಗೆ ಆಜ್ಞೆ ಎಲ್ಲಿಂದ ಬರುತ್ತದೆ? 1977ರಲ್ಲಿ ಅಮೆರಿಕದ ಮೆಕ್‌ಗ್ಯಾರಿ ಮತ್ತು ಫಾಸ್ಟರ್ ಯಕೃತ್ತಿನಲ್ಲಿ ಇದರ ಉತ್ತರವನ್ನು ಕಂಡುಕೊಂಡರು. ಮಾಂಸಖಂಡದಲ್ಲಿಯೂ ಅದೇ ನಿಯಮವಿದೆಯೆಂದು ಅನಂತರ ತಿಳಿಯಿತು. ಸಕ್ಕರೆ ಹೇರಳವಾಗಿದ್ದು ಇನ್ಸುಲಿನ್ ಏರಿದಾಗ ಕೋಶದಲ್ಲಿ 'ಮೆಲೊನಿಲ್-ಕೋಎ' ಎಂಬ ವಸ್ತು ಹೆಚ್ಚುತ್ತದೆ. ಅದು ದ್ವಾರಪಾಲಕನನ್ನು ತಡೆದು ಕೊಬ್ಬಿನ ಪ್ರವೇಶವನ್ನು ನಿಲ್ಲಿಸುತ್ತದೆ. ಮಾಂಸಖಂಡದ ದ್ವಾರಪಾಲಕನು ಯಕೃತ್ತಿನವನಿಗಿಂತ ಈ ಸಂಕೇತಕ್ಕೆ ಬಹು ಪಟ್ಟು ಸೂಕ್ಷ್ಮ. ಉಪವಾಸದಲ್ಲಿ ಇನ್ಸುಲಿನ್ ಇಳಿದಂತೆ ಈ ವಸ್ತುವೂ ಇಳಿಯುತ್ತದೆ, ಬಾಗಿಲು ತೆರೆಯುತ್ತದೆ, ಕೊಬ್ಬು ಒಲೆಗೆ ಬೀಳುತ್ತದೆ.

ಈ ಬಾಗಿಲಿನ ಬೆಲೆ ತಿಳಿಯುವುದು ಅದು ಕೆಟ್ಟಾಗ. ಕಾರ್ನಿಟಿನ್‌ಗೆ ಸಂಬಂಧಿಸಿದ ಕಿಣ್ವವೊಂದರ ಕೊರತೆ ಮಾಂಸಖಂಡದಲ್ಲಿ ಹುಟ್ಟಿನಿಂದಲೇ ಇರುವ ರೋಗವೊಂದು 1973ರಲ್ಲಿ ಮೊದಲು ವರದಿಯಾಯಿತು. ಇಂಥವರು ಸಾಮಾನ್ಯ ದಿನಗಳಲ್ಲಿ ಎಲ್ಲರಂತೆಯೇ ಇರುತ್ತಾರೆ. ದೀರ್ಘ ಶ್ರಮ ಅಥವಾ ಉಪವಾಸ ಒದಗಿದಾಗ ಮಾಂಸಖಂಡಗಳು ನೊಂದು, ಒಡೆದು, ಮೂತ್ರ ಕಂದುಬಣ್ಣಕ್ಕೆ ತಿರುಗುತ್ತದೆ. ಕೊಬ್ಬನ್ನು ಉರಿಸಲಾರದ ಮಾಂಸಖಂಡಕ್ಕೆ ಉಪವಾಸವು ವ್ರತವಲ್ಲ, ಗಂಡಾಂತರ.

ಸಕ್ಕರೆಯನ್ನು ಬಿಟ್ಟುಕೊಡುವ ಬಗೆ

ಕೊಬ್ಬು ದೊರೆತುದರಿಂದ ಸಕ್ಕರೆಯನ್ನು ಮುಟ್ಟದಿರುವುದು ಹೇಗೆ ಎಂಬ ಪ್ರಶ್ನೆಗೆ ಇಂಗ್ಲೆಂಡಿನ ಫಿಲಿಪ್ ರ‍್ಯಾಂಡಲ್ ಮತ್ತು ಸಂಗಡಿಗರು 1963ರಲ್ಲಿ ಉತ್ತರ ಕೊಟ್ಟರು. ಇಲಿಯ ಹೃದಯ ಹಾಗೂ ವಪೆಗಳ ಮೇಲೆ ಪ್ರಯೋಗ ನಡೆಸಿ, ಕೊಬ್ಬಿನಾಮ್ಲ ಉರಿಯತೊಡಗಿದರೆ ಸಕ್ಕರೆಯ ಬಳಕೆ ಅದರಷ್ಟಕ್ಕೆ ತಗ್ಗುತ್ತದೆಂದು ಅವರು ತೋರಿಸಿದರು. ಸಕ್ಕರೆಯು ಕೋಶದಲ್ಲಿ ಪೈರುವೇಟ್ ಎಂಬ ರೂಪದವರೆಗೆ ಬಂದಾಗ ಅದರ ಮುಂದೆ ಎರಡು ದಾರಿಗಳಿವೆ. ಮೈಟೊಕಾಂಡ್ರಿಯದ ಹೆಬ್ಬಾಗಿಲನ್ನು ಹೊಕ್ಕು ಪೂರ್ತಿ ಉರಿದರೆ ಅದು ಮತ್ತೆ ಸಕ್ಕರೆಯಾಗದು. ಹೊರಗೇ ಉಳಿದರೆ ಲ್ಯಾಕ್ಟೇಟ್ ಅಥವಾ ಅಲನಿನ್ ಎಂಬ ರೂಪ ತಾಳಿ ಯಕೃತ್ತಿಗೆ ಮರಳಿ, ಅಲ್ಲಿ ಪುನಃ ಸಕ್ಕರೆಯಾಗಬಲ್ಲುದು. ಕೊಬ್ಬಿನಿಂದ ಹುಟ್ಟಿದ ತುಂಡುಗಳು ಮೈಟೊಕಾಂಡ್ರಿಯದಲ್ಲಿ ತುಂಬಿಕೊಂಡಾಗ ಆ ಹೆಬ್ಬಾಗಿಲು ಮುಚ್ಚುತ್ತದೆ. ಇಷ್ಟೇ ಅಲ್ಲ; ಉಪವಾಸ ಒಂದೆರಡು ದಿನ ಮುಂದುವರಿದರೆ ಆ ಬಾಗಿಲಿಗೆ ಅಗುಳಿ ಹಾಕುವ ಕಿಣ್ವವನ್ನೇ ಮಾಂಸಖಂಡವು ಹೆಚ್ಚು ಹೆಚ್ಚಾಗಿ ತಯಾರಿಸಿಕೊಳ್ಳುತ್ತದೆಂದು ಈಚಿನ ದಶಕಗಳ ಸಂಶೋಧನೆಗಳಿಂದ ತಿಳಿದಿದೆ.

ಇಲ್ಲಿರುವ ಸ್ವಾರಸ್ಯವನ್ನು ಗಮನಿಸಬೇಕು. ಬಾಗಿಲು ತೆರೆದಿದ್ದರೆ ಸಕ್ಕರೆಯ ಇಂಗಾಲ ಶಾಶ್ವತವಾಗಿ ನಷ್ಟ. ಮುಚ್ಚಿದರೆ ಅದೇ ಇಂಗಾಲ ತಿರುತಿರುಗಿ ಬಳಕೆಗೆ ಬರುತ್ತದೆ. ಮನೆಯಲ್ಲಿ ಅಕ್ಕಿ ಕಡಿಮೆಯಾದಾಗ ದುಡಿಯುವವರು ಜೋಳದ ರೊಟ್ಟಿಯನ್ನು ತಿಂದು, ಅನ್ನವನ್ನು ರೋಗಿಗೆ ಉಳಿಸುವಂತೆ, ಮಾಂಸಖಂಡವು ಕೊಬ್ಬಿನಲ್ಲಿ ತೃಪ್ತಿಪಟ್ಟು ಸಕ್ಕರೆಯನ್ನು ಮೆದುಳಿಗೆ ಬಿಡುತ್ತದೆ. ದೇಹದ ತೂಕದ ನೂರಕ್ಕೆ ನಲ್ವತ್ತರಷ್ಟಿರುವ ಅಂಗಸಮುದಾಯ ಹೀಗೆ ಹಿಂದೆ ಸರಿದುದರಿಂದಲೇ ಉಳಿತಾಯ ದೊಡ್ಡದಾಗುತ್ತದೆ. ಈ ಉಳಿತಾಯದಿಂದ ಲಾಭ ಪಡೆಯುವುದು ಮೆದುಳು ಮಾತ್ರವಲ್ಲ. ಉರಿಸಿದ ಸಕ್ಕರೆಯ ಜಾಗಕ್ಕೆ ಹೊಸ ಸಕ್ಕರೆಯನ್ನು ತನ್ನದೇ ಪ್ರೋಟೀನಿನಿಂದ ಕೊಡಬೇಕಾಗಿದ್ದ ಮಾಂಸಖಂಡವು ತನ್ನನ್ನೂ ಉಳಿಸಿಕೊಳ್ಳುತ್ತದೆ.

ಎರಡನೆಯ ತ್ಯಾಗ

ಇಷ್ಟಾದರೂ ಮೆದುಳಿನ 100 ಗ್ರಾಂ ಬೇಡಿಕೆ ಉಳಿದೇ ಇದೆ. ಅದಕ್ಕೆ ಪರಿಹಾರ ದೊರೆಯುವುದು ಯಕೃತ್ತಿನಲ್ಲಿ. ಕೊಬ್ಬಿನಾಮ್ಲಗಳ ಪ್ರವಾಹ ಹೆಚ್ಚಿದಾಗ ಯಕೃತ್ತು ಅವನ್ನು 'ಕೀಟೋನ್'ಗಳೆಂಬ ಸಣ್ಣ, ನೀರಿನಲ್ಲಿ ಕರಗುವ ವಸ್ತುಗಳಾಗಿ ಪರಿವರ್ತಿಸುತ್ತದೆ. ಅಸಿಟೊಅಸಿಟೇಟ್ ಮತ್ತು ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಎರಡು ಇವುಗಳಲ್ಲಿ ಮುಖ್ಯ. ಬಹುಕಾಲ ಇವನ್ನು ಮಧುಮೇಹಿಯ ರೋಗಲಕ್ಷಣವೆಂದೇ ವೈದ್ಯರು ಬಗೆದಿದ್ದರು. 1967ರಲ್ಲಿ ಬಾಸ್ಟನ್ ನಗರದಲ್ಲಿ ಆಲಿವರ್ ಓವೆನ್, ಜಾರ್ಜ್ ಕೆಹಿಲ್ ಮೊದಲಾದವರು ಐದಾರು ವಾರ ಉಪವಾಸವಿದ್ದ ಮೂವರು ಸ್ಥೂಲಕಾಯರ ಮೆದುಳಿಗೆ ಹೋಗುವ ಮತ್ತು ಬರುವ ರಕ್ತವನ್ನು ಪರೀಕ್ಷಿಸಿದರು. ಮೆದುಳು ತನ್ನ ಶಕ್ತಿಯ ಹೆಚ್ಚಿನ ಪಾಲನ್ನು ಕೀಟೋನ್‌ಗಳಿಂದ ಪಡೆಯುತ್ತಿದ್ದುದು ಕಂಡುಬಂದಿತು. ಸಕ್ಕರೆಯನ್ನು ಬಿಟ್ಟು ಬೇರೇನನ್ನೂ ಒಲ್ಲದೆಂದು ತಿಳಿದಿದ್ದ ಅಂಗವು ಕಾಲ ಬಂದಾಗ ಪರ್ಯಾಯ ಆಹಾರವನ್ನು ಒಪ್ಪಿಕೊಳ್ಳುತ್ತದೆಂದು ಇದರಿಂದ ಸ್ಪಷ್ಟವಾಯಿತು.

ಈ ಕೀಟೋನ್‌ಗಳನ್ನು ಮಾಂಸಖಂಡವೂ ಬಳಸಬಲ್ಲುದು. ಉಪವಾಸದ ಮೊದಲ ದಿನಗಳಲ್ಲಿ ಅದು ಧಾರಾಳವಾಗಿಯೇ ಬಳಸುತ್ತದೆ. ಓವೆನ್ ಮತ್ತು ರೈಕಾರ್ಡ್ 1971ರಲ್ಲಿ ಪ್ರಕಟಿಸಿದ ಮುಂದೋಳಿನ ಅಧ್ಯಯನದಲ್ಲಿ ಮೂರನೆಯ ದಿನ ಕೀಟೋನ್‌ಗಳು ಮಾಂಸಖಂಡದ ಪ್ರಮುಖ ಇಂಧನವಾಗಿದ್ದವು. ಆದರೆ ಇಪ್ಪತ್ತನಾಲ್ಕನೆಯ ದಿನದ ಹೊತ್ತಿಗೆ ಚಿತ್ರವೇ ಬದಲಾಗಿತ್ತು. ರಕ್ತದಲ್ಲಿ ಕೀಟೋನ್‌ಗಳು ಮೊದಲಿಗಿಂತ ಹೆಚ್ಚಾಗಿದ್ದರೂ ಮಾಂಸಖಂಡವು ಅವನ್ನು ಬಹುಮಟ್ಟಿಗೆ ಬಿಟ್ಟು ಕೊಬ್ಬಿನಾಮ್ಲಗಳನ್ನೇ ಉರಿಸುತ್ತಿತ್ತು. ಒಂದು ಬಗೆಯ ಕೀಟೋನನ್ನು ಒಳಗೆ ತೆಗೆದುಕೊಂಡು ಇನ್ನೊಂದು ಬಗೆಯದಾಗಿ ರಕ್ತಕ್ಕೆ ಹಿಂದಿರುಗಿಸುತ್ತಲೂ ಇತ್ತು.

ಯಕೃತ್ತು ಕೀಟೋನ್‌ಗಳನ್ನು ತಯಾರಿಸುವ ವೇಗ ಕೆಲವೇ ದಿನಗಳಲ್ಲಿ ಗರಿಷ್ಠ ಮಟ್ಟವನ್ನು ಮುಟ್ಟಿ ನಿಲ್ಲುತ್ತದೆ. ಆದರೂ ರಕ್ತದಲ್ಲಿ ಅವು ವಾರಗಟ್ಟಲೆ ಏರುತ್ತ ಹೋಗುತ್ತವೆ. ತಯಾರಿಕೆ ಹೆಚ್ಚದೆ ದಾಸ್ತಾನು ಹೆಚ್ಚಿದರೆ ಯಾರೋ ಉಣ್ಣುವುದನ್ನು ಬಿಟ್ಟಿದ್ದಾರೆಂದೇ ಅರ್ಥ. ಹಾಗೆ ಬಿಟ್ಟದ್ದು ಮುಖ್ಯವಾಗಿ ಮಾಂಸಖಂಡ. ಮೊದಲು ಸಕ್ಕರೆಯನ್ನು, ಅನಂತರ ಕೀಟೋನನ್ನು, ಹೀಗೆ ಎರಡು ಬಾರಿ ಅದು ಮೆದುಳಿಗೆ ದಾರಿ ಬಿಡುತ್ತದೆ. ಕೊನೆಗೆ ತನ್ನ ಪಾಲಿಗೆ ಇಟ್ಟುಕೊಳ್ಳುವುದು ಮೆದುಳಿಗೆ ಬೇಡವಾದ ಕೊಬ್ಬಿನಾಮ್ಲವನ್ನು ಮಾತ್ರ.

ಆದರೂ ಮಾಂಸ ಕರಗುವುದು ದಿಟ

ಇದನ್ನು ಓದಿ ಉಪವಾಸದಲ್ಲಿ ಮಾಂಸಖಂಡಕ್ಕೆ ಏನೂ ಆಗದೆಂದು ತಿಳಿದರೆ ತಪ್ಪಾಗುತ್ತದೆ. 1912ರಲ್ಲಿ ಬಾಸ್ಟನ್ ನಗರದ ಪ್ರಯೋಗಶಾಲೆಯೊಂದರಲ್ಲಿ ಬೆನೆಡಿಕ್ಟ್ ಎಂಬ ವಿಜ್ಞಾನಿಯ ಮೇಲ್ವಿಚಾರಣೆಯಲ್ಲಿ ಮಾಲ್ಟಾ ದ್ವೀಪದ ಲೆವಾಂಜಿನ್ ಎಂಬಾತನು 31 ದಿನ ನೀರನ್ನು ಮಾತ್ರ ಕುಡಿದು ಉಪವಾಸವಿದ್ದನು. ಮೂತ್ರದಲ್ಲಿ ಹೊರಹೋಗುವ ಸಾರಜನಕವನ್ನು ಪ್ರತಿದಿನವೂ ಅಳೆಯಲಾಯಿತು. ಪ್ರೋಟೀನು ಒಡೆದಾಗ ಸಾರಜನಕ ಹೊರಬೀಳುವುದರಿಂದ ಮಾಂಸ ಎಷ್ಟು ಕರಗಿತೆಂಬುದಕ್ಕೆ ಅದೇ ಸಾಕ್ಷಿ. ಮೊದಲ ಕೆಲವು ದಿನಗಳಲ್ಲಿ ಅದು ಏರಿತು, ಅನಂತರ ಕ್ರಮೇಣ ಇಳಿಯಿತು. ಆದರೆ ಎಂದೂ ನಿಲ್ಲಲಿಲ್ಲ.

ಕೆಹಿಲ್ ಮತ್ತು ಸಂಗಡಿಗರ ಲೆಕ್ಕದಂತೆ, ವಿಶ್ರಾಂತಿಯಲ್ಲಿರುವ ಮನುಷ್ಯನು ಒಂದು ದಿನದ ಉಪವಾಸದಲ್ಲಿ ಸುಮಾರು 160 ಗ್ರಾಂ ಕೊಬ್ಬನ್ನೂ 75 ಗ್ರಾಂ ಪ್ರೋಟೀನನ್ನೂ ವ್ಯಯಮಾಡುತ್ತಾನೆ. ಐದಾರು ವಾರಗಳಾಗುವ ಹೊತ್ತಿಗೆ ಪ್ರೋಟೀನಿನ ವ್ಯಯ ದಿನಕ್ಕೆ 20 ಗ್ರಾಂ ಸಮೀಪಕ್ಕೆ ಇಳಿದಿರುತ್ತದೆ. ಮಿತವ್ಯಯವೆಂಬುದು ಇದೇ. ಆದರೆ 20 ಗ್ರಾಂ ಪ್ರೋಟೀನೆಂದರೆ 100 ಗ್ರಾಂ ಮಾಂಸ. ಅದು ದಿನದಿನವೂ ಹೋಗುತ್ತದೆ. ಮೊದಲ ದಿನಗಳಲ್ಲಂತೂ ನಷ್ಟ ಇದರ ಮೂರು ನಾಲ್ಕು ಪಟ್ಟು. ಕೊಬ್ಬು ಮಾತ್ರ ಉರಿಯುತ್ತದೆಂಬ ಮಾತನ್ನು ಈ ಅಂಕಿಗಳು ಅಲ್ಲಗಳೆಯುತ್ತವೆ. ಒಂದು ದಿನಕ್ಕೇ ಮೈಮಾಂಸ ಕರಗಿ ಹೋಗುತ್ತದೆಂಬ ಭಯವನ್ನೂ ಅವೇ ಅಲ್ಲಗಳೆಯುತ್ತವೆ. ತಕ್ಕಡಿಯ ಮೇಲೆ ಒಂದು ದಿನದಲ್ಲಿ ಒಂದು ಕಿಲೋ ಇಳಿದುದನ್ನು ಕಂಡು ಹಿಗ್ಗುವವರು ತಿಳಿಯಬೇಕಾದುದೆಂದರೆ, ಅದರಲ್ಲಿ ಬಹುಪಾಲು ನೀರು, ಕೊಬ್ಬು 160 ಗ್ರಾಂ ಮಾತ್ರ.

ಪಾರಣೆಯ ವೇಳೆ

ಮಾಂಸಖಂಡವು ಕೊಬ್ಬಿಗೆ ಒಗ್ಗಿದ ಮೇಲೆ ಒಮ್ಮೆಗೇ ಸಕ್ಕರೆಗೆ ಮರಳಲಾರದು. ಮೂರು ದಿನಗಳ ಉಪವಾಸದ ಬಳಿಕ ಮಾಂಸಖಂಡದ ಎಳೆಗಳೊಳಗೇ ಕೊಬ್ಬಿನ ಸಣ್ಣ ಹನಿಗಳು ಹೆಚ್ಚಾಗಿರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಒಳಬಂದ ಕೊಬ್ಬೆಲ್ಲ ಕೂಡಲೇ ಉರಿಯದೆ ಅಲ್ಲಿ ಶೇಖರವಾಗುತ್ತದೆ. ಆ ಸ್ಥಿತಿಯಲ್ಲಿ ಸಿಹಿಯನ್ನು ಧಾರಾಳವಾಗಿ ತಿಂದರೆ ಸಕ್ಕರೆ ರಕ್ತದಲ್ಲಿಯೇ ಬಹಳ ಹೊತ್ತು ಉಳಿಯುತ್ತದೆ. 19ನೆಯ ಶತಮಾನದ ಕೊನೆಯಲ್ಲಿಯೇ ಜರ್ಮನ್ ವಿಜ್ಞಾನಿ ಹಾಫ್‌ಮೈಸ್ಟರ್ ಹಸಿದ ನಾಯಿಗಳಲ್ಲಿ ಇದನ್ನು ಗಮನಿಸಿ 'ಹಸಿವಿನ ಮಧುಮೇಹ'ವೆಂದು ಕರೆದಿದ್ದನು. ಆರೋಗ್ಯವಂತರಲ್ಲಿ ಇದು ರೋಗವಲ್ಲ, ಊಟ ಮತ್ತೆ ಕ್ರಮಕ್ಕೆ ಬಂದಾಗ ತಾನಾಗಿ ಹೋಗುವ ತಾತ್ಕಾಲಿಕ ಸ್ಥಿತಿ. ಪಾರಣೆಯಲ್ಲಿ ಮೊದಲು ಲಘುವಾಗಿ, ಸ್ವಲ್ಪ ಸ್ವಲ್ಪವಾಗಿ ಉಣ್ಣಬೇಕೆಂಬ ಹಿರಿಯರ ನಿಯಮಕ್ಕೆ ಇಲ್ಲಿ ಒಂದು ಆಧಾರ ದೊರೆಯುತ್ತದೆ. ಬಹುದಿನ ಅನ್ನವಿಲ್ಲದೆ ಕೃಶನಾದವನಿಗಂತೂ ಒಮ್ಮೆಲೇ ತುಂಬ ಉಣ್ಣಿಸುವುದು ಪ್ರಾಣಾಪಾಯ; ಏರಿದ ಇನ್ಸುಲಿನ್ ರಕ್ತದ ಫಾಸ್ಫೇಟ್ ಮೊದಲಾದ ಲವಣಗಳನ್ನು ಕೋಶಗಳೊಳಕ್ಕೆ ಸೆಳೆದು ಹೃದಯದ ಗತಿಯನ್ನೇ ಕೆಡಿಸಬಹುದು.

ಒಂದು ದಿನದ ವ್ರತ

ಶಿವರಾತ್ರಿಯ ಉಪವಾಸಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹಿಂದಿನ ರಾತ್ರಿ ಎಂಟಕ್ಕೆ ಉಂಡು, ಹಗಲು ನಿರಾಹಾರನಾಗಿ, ಜಾಗರಣೆ ಮಾಡಿ, ಮರುದಿನ ಬೆಳಿಗ್ಗೆ ಆರಕ್ಕೆ ಪಾರಣೆ ಮಾಡಿದರೆ 34 ಗಂಟೆಗಳಾದವು. ಮೊದಲ ಹನ್ನೆರಡು ಗಂಟೆ ಎಂದಿನ ರಾತ್ರಿಯಂತೆಯೇ. ಯಕೃತ್ತಿನ ಸಕ್ಕರೆ ಮೆದುಳಿಗೆ, ಕೊಬ್ಬು ಮಾಂಸಖಂಡಕ್ಕೆ. ಸಂಜೆಯ ವೇಳೆಗೆ ಯಕೃತ್ತಿನ ಗಡಿಗೆ ತಳ ಕಾಣತೊಡಗುತ್ತದೆ. ರಾತ್ರಿ ಕೀಟೋನ್‌ಗಳು ಮೆಲ್ಲಗೆ ಏರುತ್ತವೆ. ಕುಳಿತು ಜಪ ಮಾಡುವುದಕ್ಕೂ ನಿಧಾನವಾಗಿ ನಡೆಯುವುದಕ್ಕೂ ಕೊಬ್ಬು ಸಾಕು. ಭಾರ ಹೊರುವುದು, ಬೆಟ್ಟ ಹತ್ತುವುದು ಮೊದಲಾದ ಬಿರುಸಿನ ಕೆಲಸಗಳಿಗೆ ಕೊಬ್ಬು ಬೇಕಾದ ವೇಗದಲ್ಲಿ ಉರಿಯಲಾರದು. ಅದಕ್ಕೆ ಮಾಂಸಖಂಡದ ಬುತ್ತಿಯೇ ಬೇಕು. ಆದ್ದರಿಂದ ವ್ರತದ ದಿನ ಅತಿಶ್ರಮ ಸಲ್ಲದು. ನೀರನ್ನು ಬಿಡುವುದರಿಂದ ಈ ಕ್ರಿಯೆಗಳಿಗೆ ಯಾವ ಸಹಾಯವೂ ಇಲ್ಲ. ಆರೋಗ್ಯವಂತ ವಯಸ್ಕನಿಗೆ ಇಷ್ಟು ಅವಧಿ ಹಾನಿಕರವಲ್ಲ.

ಆದರೆ ಎಲ್ಲರ ಶರೀರವೂ ಒಂದೇ ಅಲ್ಲ. ಮೇಲೆ ಹೇಳಿದ ಏರ್ಪಾಡೆಲ್ಲ ನಿಂತಿರುವುದು ಇನ್ಸುಲಿನ್ ತಕ್ಕಷ್ಟು ಇಳಿಯುವುದರ ಮೇಲೆ, ಪೂರ್ತಿ ಇಲ್ಲವಾಗದಿರುವುದರ ಮೇಲೆ. ಇನ್ಸುಲಿನ್ ಚುಚ್ಚಿಕೊಳ್ಳುವ ಅಥವಾ ಗ್ಲಿಬೆನ್‌ಕ್ಲಾಮೈಡ್, ಗ್ಲಿಮೆಪಿರೈಡ್ ಮೊದಲಾದ ಗುಳಿಗೆಗಳನ್ನು ನುಂಗುವ ಮಧುಮೇಹಿಯಲ್ಲಿ ಔಷಧವು ಉಣ್ಣದಿದ್ದರೂ ತನ್ನ ಕೆಲಸ ಮಾಡುತ್ತದೆ. ಕೊಬ್ಬಿನ ಬೀಗ ತೆರೆಯುವುದಿಲ್ಲ, ರಕ್ತದ ಸಕ್ಕರೆ ಮಾತ್ರ ಕುಸಿಯುತ್ತದೆ. ಹಾಗೆಂದು ಇನ್ಸುಲಿನ್ ಚುಚ್ಚುಮದ್ದನ್ನೇ ಬಿಟ್ಟುಬಿಟ್ಟರೆ, ಸ್ವಂತ ಇನ್ಸುಲಿನ್ ಇಲ್ಲದವರಲ್ಲಿ ಕೀಟೋನ್‌ಗಳು ಕಟ್ಟಿಲ್ಲದೆ ಹರಿದು ರಕ್ತವೇ ಆಮ್ಲೀಯವಾಗುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದ ಹೊಸ ಗುಳಿಗೆಗಳನ್ನು ಸೇವಿಸುವವರಿಗೂ ಉಪವಾಸದಲ್ಲಿ ಈ ಅಪಾಯ ಹೆಚ್ಚು. ಇಂಥವರು ವೈದ್ಯರನ್ನು ಕೇಳದೆ ವ್ರತ ಹಿಡಿಯಬಾರದು, ತಾವಾಗಿ ಔಷಧ ಬಿಡಲೂಬಾರದು. ಗರ್ಭಿಣಿಯರು, ಬೆಳೆಯುವ ಮಕ್ಕಳು, ಕೃಶರಾದವರು ಕೂಡ ಉಪವಾಸದಿಂದ ದೂರವಿರುವುದು ಲೇಸು.

ವೃದ್ಧರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ವಯಸ್ಸಾದಂತೆ ಮಾಂಸಖಂಡ ತಾನಾಗಿ ಕುಗ್ಗುತ್ತಿರುತ್ತದೆ. ಕಳೆದುಕೊಂಡುದನ್ನು ಮತ್ತೆ ಕಟ್ಟಿಕೊಳ್ಳುವ ಶಕ್ತಿಯೂ ತಗ್ಗಿರುತ್ತದೆ. ಯುವಕನು ಒಂದು ವಾರದಲ್ಲಿ ತುಂಬಿಕೊಳ್ಳುವ ನಷ್ಟ ಮುದುಕನ ಪಾಲಿಗೆ ಕಾಯಂ ಆಗಿ ಉಳಿಯಬಹುದು. ಮನೆಯ ಹಿರಿಯರು ದಿನಗಟ್ಟಲೆ ನಿರಾಹಾರವಿರುವೆನೆಂದು ಹಟ ಹಿಡಿದಾಗ ಕಿರಿಯರು ಅದನ್ನು ಭಕ್ತಿಯ ಆಧಿಕ್ಯವೆಂದು ಸುಮ್ಮನಿರುವುದು ಸರಿಯಲ್ಲ. ಒಪ್ಪತ್ತು ಊಟವೋ, ಹಾಲು ಹಣ್ಣುಗಳೋ ಅಂಥವರಿಗೆ ಸಾಕಾದ ವ್ರತ.

ಹೀಗೆ ನೋಡಿದರೆ ಉಪವಾಸವೆಂಬುದು ಬರಿಯ ಕೊರತೆಯಲ್ಲ. ಇರುವುದನ್ನು ಅರಿತು ಹಂಚುವ ಒಂದು ವ್ಯವಸ್ಥೆ. ಅದರ ಭಾರವನ್ನು ಹೊರುವುದು ಮಾಂಸಖಂಡ. ಅದು ಬಿಟ್ಟುಕೊಡುವುದಕ್ಕೂ ಒಂದು ಮೇರೆಯುಂಟು. ಮೇರೆಯೊಳಗಿದ್ದರೆ ಕೊಬ್ಬು ಕರಗುತ್ತದೆ, ಮೀರಿದರೆ ಬಿಟ್ಟುಕೊಟ್ಟದ್ದೇ ಕರಗುತ್ತದೆ. ವ್ರತ ಹಿಡಿಯುವವರು ತಮ್ಮ ತಮ್ಮ ಶರೀರದ ಆ ಮೇರೆಯನ್ನು ಮೊದಲು ತಿಳಿದುಕೊಂಡು, ಅನಂತರ ದಿನಗಳನ್ನು ಎಣಿಸುವುದು ಒಳಿತು.